ಟರ್ಮಿನೇಲಿಯ ಜಾತಿಯ ಪ್ರಭೇದಗಳು: ಮತ್ತಿ, ಹೊನಗಲು, ಅಳಲೆ, ತಾರೆಗಳನ್ನು ಗುರುತಿಸುವ ಬಗೆ

ಉಷ್ಣವಲಯದ ಮರಗಳಲ್ಲಿ ಟರ್ಮಿನೇಲಿಯ ಜಾತಿಯಷ್ಟು ಜನಬಳಕೆಗೆ ಒದಗಿರುವ ಜಾತಿಗಳು ವಿರಳ. ಅಳಲೆ ಮತ್ತು ತಾರೆಯ ಕಾಯಿಗಳು ನೆಲ್ಲಿಯೊಡನೆ ಸೇರಿ ತ್ರಿಫಲೆಯಾಗುತ್ತವೆ. ಕರಿಮತ್ತಿ, ಹೊನಗಲು ಮರಗಳು ಮನೆಯ ತೊಲೆ ಜಂತೆಗಳಿಗೆ ಒದಗುತ್ತವೆ. ಹೊಳೆಮತ್ತಿಯ ತೊಗಟೆ ಹೃದಯರೋಗದ ಔಷಧವೆಂದು ಆಯುರ್ವೇದದಲ್ಲಿ ಪ್ರಸಿದ್ಧವಾಗಿದೆ. ಹೊಳೆಮತ್ತಿ, ಕರಿಮತ್ತಿಗಳ ಎಲೆಯನ್ನು ತಿಂದು ಟಸ್ಸಾರ್ ರೇಷ್ಮೆಹುಳು ಗೂಡು ಕಟ್ಟುತ್ತದೆ. ಇಷ್ಟು ಉಪಯುಕ್ತವಾದ ಮರಗಳನ್ನು ಗುರುತಿಸುವುದರಲ್ಲಿ ತೊಡಕೇನಿದೆ ಎಂದು ವಾಚಕರು ಕೇಳಬಹುದು. ಕಾಡಿನಲ್ಲಿ ನಿಂತ ಮರವನ್ನು ಗುರುತಿಸುವುದು ಸುಲಭವೇ ಸರಿ. ಆದರೆ ಎಲೆಯಿರುವ ಒಂದು ರೆಂಬೆಯೋ, ಅಂಗಡಿಯಲ್ಲಿ ದೊರೆತ ಒಣತೊಗಟೆಯ ಚೂರೋ, ಸಸಿಮಡಿಯ ಎಳೆಯ ಗಿಡವೋ ಎದುರಿಗೆ ಬಂದಾಗ ಅದರ ಹೆಸರನ್ನು ನಿರ್ಧರಿಸುವುದು ಸುಲಭವಲ್ಲ. ಹೊಳೆಮತ್ತಿಯ ತೊಗಟೆಯಲ್ಲಿ ಕರಿಮತ್ತಿಯ ತೊಗಟೆ ಬೆರೆಯುವುದುಂಟು. ಆಗ ತಪ್ಪಿದ ಹೆಸರಿನ ಫಲವನ್ನು ಅನುಭವಿಸಬೇಕಾದವನು ರೋಗಿ. ಆದಕಾರಣ ಈ ಜಾತಿಯ ಪ್ರಭೇದಗಳನ್ನು ಯಾವ ಲಕ್ಷಣಗಳಿಂದ ಬೇರ್ಪಡಿಸಬಹುದು, ಯಾವ ಲಕ್ಷಣಗಳನ್ನು ನಂಬಬಾರದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಕನ್ನಡನಾಡಿನಲ್ಲಿ ಸಾಮಾನ್ಯವಾಗಿ ಕಾಣುವ ಪ್ರಭೇದಗಳಿಗೆ ನಮ್ಮ ವಿವರಣೆಯನ್ನು ಸೀಮಿತಗೊಳಿಸಿದ್ದೇವೆ.

ಜಾತಿಯ ಸ್ವರೂಪ

ಟರ್ಮಿನೇಲಿಯ ಕಾಂಬ್ರಿಟೇಸೀ ಕುಟುಂಬಕ್ಕೆ ಸೇರಿದ್ದು. ಏಷ್ಯ, ಆಫ್ರಿಕ, ಆಸ್ಟ್ರೇಲಿಯ, ಅಮೆರಿಕಗಳ ಉಷ್ಣವಲಯಗಳಲ್ಲಿಯೂ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿಯೂ ಇದರ 200ಕ್ಕೂ ಮೇಲ್ಪಟ್ಟ ಪ್ರಭೇದಗಳು ಹರಡಿವೆ. ಲಿನೇಯಸ್ 1767ರಲ್ಲಿ ಈ ಜಾತಿಯನ್ನು ಸ್ಥಾಪಿಸಿದನು. ಕೊನೆ ಅಥವಾ ಅಂಚು ಎಂಬರ್ಥದ ಟರ್ಮಿನಸ್ ಎಂಬ ಲ್ಯಾಟಿನ್ ಪದದಿಂದ ಈ ಹೆಸರು ಬಂದಿದೆ. ಎಲೆಗಳು ರೆಂಬೆಗಳ ತುದಿಯಲ್ಲಿ ಗುಂಪಾಗಿ ನೆರೆದಿರುವುದೇ ಇದಕ್ಕೆ ಕಾರಣ. ಲಿನೇಯಸನ ಮುಂದಿದ್ದ ಕಾಡುಬಾದಾಮಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ, ತಾರೆಗೂ ಒಪ್ಪುತ್ತದೆ. ಆದರೆ ಮತ್ತಿ, ಹೊನಗಲುಗಳಲ್ಲಿ ಎಲೆಗಳು ರೆಂಬೆಯ ಉದ್ದಕ್ಕೂ ಬಹುಮಟ್ಟಿಗೆ ಎದುರುಬದುರಾಗಿ ಜೋಡಣೆಗೊಂಡಿರುತ್ತವೆ. ಜಾತಿಯ ಹೆಸರೇ ಸೂಚಿಸುವ ಲಕ್ಷಣವು ಜಾತಿಯ ಎಲ್ಲ ಪ್ರಭೇದಗಳಲ್ಲಿಯೂ ದೊರೆಯುವುದಿಲ್ಲವೆಂಬುದು ಮೊದಲಿನಲ್ಲಿಯೇ ಗಮನಿಸತಕ್ಕ ಸಂಗತಿ.

ಹೂವಿನ ರಚನೆಯಲ್ಲಿ ಈ ಪ್ರಭೇದಗಳಿಗೆ ತಮ್ಮತಮ್ಮಲ್ಲಿ ಭೇದ ಅತ್ಯಲ್ಪ. ಹೂಗಳು ಚಿಕ್ಕವು, ಬಿಳಿ ಅಥವಾ ಹಳದಿಮಿಶ್ರಿತ ಹಸುರು ಬಣ್ಣದವು. ಪುಷ್ಪಕೋಶಕ್ಕೆ ಸಾಮಾನ್ಯವಾಗಿ ಐದು ಹಾಲೆಗಳಿರುತ್ತವೆ, ದಳಗಳಿಲ್ಲ. ಕೇಸರಗಳು ಹತ್ತು. ಅಂಡಾಶಯವು ನೀಚಸ್ಥಾನದ್ದು, ಒಂದೇ ಕೋಣೆಯುಳ್ಳದ್ದು. ಅದರಲ್ಲಿ ಎರಡು ಮೂರು ಅಂಡಕಗಳು ಮೇಲಿನಿಂದ ತೂಗುಬಿದ್ದಿರುತ್ತವೆ. ಬೀಜ ಮಾತ್ರ ಒಂದೇ; ಅದರ ಬೀಜದಳಗಳು ಒಂದರೊಳಗೊಂದು ಸುರುಳಿ ಸುತ್ತಿಕೊಂಡಿರುತ್ತವೆ. ದಳವಿಲ್ಲದ ಈ ಹೂವನ್ನು ನೋಡಿ ಜಾತಿಯನ್ನು ಹೇಳಬಹುದೇ ಹೊರತು ಪ್ರಭೇದವನ್ನು ಹೇಳುವುದು ಕಷ್ಟ. ಪ್ರಭೇದಗಳ ಭೇದವು ಮುಖ್ಯವಾಗಿ ಹಣ್ಣಿನಲ್ಲಿಯೂ, ಎಲೆಯ ಗ್ರಂಥಿಗಳಲ್ಲಿಯೂ, ತೊಗಟೆಯಲ್ಲಿಯೂ, ಹೂಗೊಂಚಲಿನ ಬಗೆಯಲ್ಲಿಯೂ ಅಡಗಿದೆ.

ಹೆಸರುಗಳ ಇತಿಹಾಸ

ಈ ಮರಗಳ ಶಾಸ್ತ್ರೀಯ ನಾಮಕರಣವು ಬಹುಮಟ್ಟಿಗೆ 18ನೆಯ ಶತಮಾನದ ಕೊನೆ ಮತ್ತು 19ನೆಯ ಶತಮಾನದ ಮೊದಲ ಭಾಗದಲ್ಲಿ ನಡೆಯಿತು. ಅಳಲೆಗೆ ಟರ್ಮಿನೇಲಿಯ ಚೆಬ್ಯುಲ ಎಂದು ಹೆಸರಿಟ್ಟವನು ರೆಟ್ಸಿಯಸ್. ಹೊನಗಲನ್ನು ಟರ್ಮಿನೇಲಿಯ ಪ್ಯಾನಿಕ್ಯುಲೇಟ ಎಂದು 1821ರಲ್ಲಿ ವರ್ಣಿಸಿದವನು ಜರ್ಮನಿಯ ರೋತ್. ಆತನ ಆ ಗ್ರಂಥಕ್ಕೆ ಆಧಾರವಾದುವು ದಕ್ಷಿಣ ಭಾರತದಲ್ಲಿ ಬೆಂಜಮಿನ್ ಹೈನೆ ಸಂಗ್ರಹಿಸಿದ ಒಣಮಾದರಿಗಳು. ಕಾಡಿನಲ್ಲಿ ಸಂಗ್ರಹಿಸಿದವನೊಬ್ಬ, ದೂರದಲ್ಲಿ ಕುಳಿತು ಹೆಸರಿಟ್ಟವನು ಮತ್ತೊಬ್ಬ ಎಂಬ ಸ್ಥಿತಿಯಲ್ಲಿ ಮರದ ತೊಗಟೆ, ನಿಲುವು, ನೆಲೆ ಮುಂತಾದ ಲಕ್ಷಣಗಳು ವರ್ಣನೆಯಿಂದ ಜಾರಿಹೋಗುವುದು ಸಹಜ.

ಹಣ್ಣಿಗೆ ಐದು ರೆಕ್ಕೆಗಳುಳ್ಳ ಮತ್ತಿಗಳನ್ನು ರಾಕ್ಸ್‌ಬರೊ ಪ್ರತ್ಯೇಕ ಜಾತಿಯೆಂದು ಪರಿಗಣಿಸಿ ಪೆಂಟಾಪ್ಟೆರ ಎಂದು ಕರೆದಿದ್ದನು. ಐದು ರೆಕ್ಕೆಯುಳ್ಳದ್ದೆಂಬುದು ಆ ಗ್ರೀಕ್ ಪದದ ಅರ್ಥ. 1834ರಲ್ಲಿ ವೈಟ್ ಮತ್ತು ಆರ್ನಟ್ ಅವರು ಅವನ್ನು ಟರ್ಮಿನೇಲಿಯ ಜಾತಿಗೆ ತಂದರು. ಅಂದಿನಿಂದ ಹೊಳೆಮತ್ತಿ ಟರ್ಮಿನೇಲಿಯ ಅರ್ಜುನ ಎಂದೂ ಕರಿಮತ್ತಿ ಟರ್ಮಿನೇಲಿಯ ಟೊಮೆಂಟೋಸ ಎಂದೂ ಪ್ರಸಿದ್ಧವಾದುವು. ಹುಕರನ ಬ್ರಿಟಿಷ್ ಇಂಡಿಯಾದ ಸಸ್ಯಸಂಪತ್ತಿನಲ್ಲಿ ಈ ಕುಟುಂಬವನ್ನು ಕ್ಲಾರ್ಕ್ 1878ರಲ್ಲಿ ವಿವರಿಸಿದನು. ಮುಂದೆ ಮುಂಬಯಿ ಪ್ರಾಂತದ ಮರಗಳನ್ನು ಕುರಿತು ಕುಕ್ ಮತ್ತು ಟಾಲ್ಬಟ್, ಮದರಾಸು ಪ್ರಾಂತದವನ್ನು ಕುರಿತು ಗ್ಯಾಂಬಲ್ ಬರೆದ ಗ್ರಂಥಗಳು ನಮ್ಮ ನಾಡಿನ ಬಹುಭಾಗಕ್ಕೆ ಅನ್ವಯಿಸುತ್ತವೆ.

ನಾಡಹೆಸರುಗಳ ಸಾಕ್ಷ್ಯ

ಶಾಸ್ತ್ರೀಯ ವರ್ಗೀಕರಣಕ್ಕೆ ಬಹಳ ಹಿಂದೆಯೇ ನಮ್ಮ ಜನ ಈ ಮರಗಳನ್ನು ವಿಂಗಡಿಸಿಕೊಂಡಿದ್ದರು. ಕರಿಮತ್ತಿ, ಬಿಳಿಮತ್ತಿ, ಹೊಳೆಮತ್ತಿ, ತೊರೆಮತ್ತಿ ಎಂಬ ಹೆಸರುಗಳನ್ನು ವಾಚಕರು ಗಮನಿಸಬೇಕು. ಇಲ್ಲಿ ಮತ್ತಿ ಎಂಬುದು ಸಮೂಹವಾಚಕ. ಕರಿ, ಬಿಳಿ, ಹೊಳೆ ಎಂಬುವು ಭೇದಕ ವಿಶೇಷಣಗಳು. ಲಿನೇಯಸನ ದ್ವಿನಾಮ ಪದ್ಧತಿಯ ತತ್ವವೂ ಇದೇ ಅಲ್ಲವೇ? ಮತ್ತಿ ಎಂಬ ಪದವು ಸಾಮಾನ್ಯವಾಗಿ ಐದು ರೆಕ್ಕೆಯ ಹಣ್ಣುಳ್ಳ ಮರಗಳಿಗೆ ಸಲ್ಲುತ್ತದೆ. ಮೂರು ರೆಕ್ಕೆಯ ಹೊನಗಲು ಅಥವಾ ಹುಣಾಲು ಮತ್ತಿಯಲ್ಲ. ರೆಕ್ಕೆಯಿಲ್ಲದ ಅಳಲೆ, ತಾರೆಗಳೂ ಮತ್ತಿಗಳಲ್ಲ. ರಾಕ್ಸ್‌ಬರೊ ಪೆಂಟಾಪ್ಟೆರ ಎಂದು ಬೇರ್ಪಡಿಸಿದ ಗುಂಪನ್ನೇ ಕನ್ನಡದ ಜನ ಮತ್ತಿ ಎಂದು ಬೇರ್ಪಡಿಸಿಕೊಂಡಿದ್ದರೆಂದು ಹೇಳಬಹುದು.

ಸಂಸ್ಕೃತದಲ್ಲಿ ಅರ್ಜುನ ಎಂದರೆ ಬಿಳುಪು. ಬಿಳಿಮತ್ತಿ ಎಂಬ ಕನ್ನಡದ ಹೆಸರಿನಲ್ಲಿಯೂ ಅದೇ ಅರ್ಥವಿದೆ. ಎರಡು ಭಾಷೆಗಳೂ ತೊಗಟೆಯ ಬಣ್ಣವನ್ನೇ ಮುಖ್ಯ ಲಕ್ಷಣವೆಂದು ಎತ್ತಿಹಿಡಿದಿವೆ. ಹೊಳೆಮತ್ತಿ ಎಂಬ ಹೆಸರು ನೆಲೆಯನ್ನು ತಿಳಿಸುತ್ತದೆ. ಕಾವೇರಿಯ ದಡದಲ್ಲಿ ಮುತ್ತತ್ತಿಯ ಸುತ್ತ ನಿಂತಿರುವ ಭಾರಿ ಮರಗಳಲ್ಲಿ ಇದೇ ಪ್ರಧಾನ. ಕರಿಮತ್ತಿಯಾದರೋ ಬಂಡೀಪುರ, ನಾಗರಹೊಳೆ, ಭದ್ರಾ, ದಾಂಡೇಲಿಗಳ ಎಲೆಯುದುರುವ ಕಾಡುಗಳಲ್ಲಿ ತೇಗ, ದಿಂಡಿಗಗಳ ಜತೆಯಲ್ಲಿ ಬೆಳೆಯುತ್ತದೆ. ಆದರೆ ನಾಡಹೆಸರುಗಳು ಊರಿಂದೂರಿಗೆ ಬದಲಾಗುವುದರಿಂದ ಅವು ದಾರಿತೋರುವ ಸಾಕ್ಷಿಗಳೇ ಹೊರತು ಅಂತಿಮ ಪ್ರಮಾಣಗಳಲ್ಲ.

ಭೇದಕ ಲಕ್ಷಣಗಳು

ಹಣ್ಣು: ಭೇದಕ ಲಕ್ಷಣಗಳಲ್ಲಿ ಅಗ್ರಸ್ಥಾನ ಹಣ್ಣಿಗೆ ಸಲ್ಲಬೇಕು. ಕಾಡುಬಾದಾಮಿ, ಅಳಲೆ, ತಾರೆಗಳದು ಅಷ್ಟಿಫಲ. ಎಂದರೆ ಮೇಲೆ ತಿರುಳು, ಒಳಗೆ ಗಟ್ಟಿಯಾದ ಓಟೆ. ಕಾಡುಬಾದಾಮಿಯ ಹಣ್ಣು ಎರಡು ಕಡೆಯಿಂದ ಒತ್ತಿದಂತೆ ಚಪ್ಪಟೆಯಾಗಿದ್ದು ಅಂಚುಗಟ್ಟಿರುತ್ತದೆ. ಅಳಲೆಯ ಹಣ್ಣು ನುಣುಪು. ಒಣಗಿದಾಗ ಉದ್ದಕ್ಕೂ ಐದು ಏಣುಗಳು ಏಳುತ್ತವೆ. ತಾರೆಯ ಹಣ್ಣಿನ ಮೇಲೆ ಬೂದುಬಣ್ಣದ ಮಖಮಲ್ಲಿನಂಥ ದಟ್ಟವಾದ ರೋಮಗಳಿವೆ. ಹೊನಗಲಿನ ಹಣ್ಣು ಕಿರಿದು. ಅದರ ಮೂರು ರೆಕ್ಕೆಗಳಲ್ಲಿ ಒಂದು ದೊಡ್ಡದು, ಎರಡು ಚಿಕ್ಕವು. ಕೆಂಪೇರಿದ ಈ ಹಣ್ಣುಗಳು ಗೊಂಚಲುಗೊಂಚಲಾಗಿ ಮರವನ್ನು ಮುಚ್ಚಿದಾಗ ದೂರದಿಂದಲೇ ಹೊನಗಲನ್ನು ಗುರುತಿಸಬಹುದು.

ಮತ್ತಿಗಳೆರಡರ ಹಣ್ಣಿಗೂ ಐದೈದು ರೆಕ್ಕೆಗಳಿವೆ. ಇವನ್ನು ಬೇರ್ಪಡಿಸುವ ಲಕ್ಷಣ ಸೂಕ್ಷ್ಮವಾದುದು, ಆದರೂ ನಂಬತಕ್ಕದ್ದು. ರೆಕ್ಕೆಯ ಮೇಲಿನ ಗೆರೆಗಳನ್ನು ಭೂತಗನ್ನಡಿಯ ಕೆಳಗೆ ನೋಡಬೇಕು. ಕರಿಮತ್ತಿಯಲ್ಲಿ ರೆಕ್ಕೆಗಳು ಅಗಲ. ಗೆರೆಗಳು ನಡುವಿನಿಂದ ಅಂಚಿನವರೆಗೆ ಅಡ್ಡಡ್ಡಲಾಗಿ ನೇರವಾಗಿ ಓಡುತ್ತವೆ. ಹೊಳೆಮತ್ತಿಯಲ್ಲಿ ರೆಕ್ಕೆಗಳು ಕಿರಿದು, ದಪ್ಪ; ಗೆರೆಗಳು ಸ್ಪಷ್ಟವಾಗಿ ಮೇಲ್ಮುಖವಾಗಿ ಬಾಗಿರುತ್ತವೆ. ಮರದ ಬುಡದಲ್ಲಿ ಬಿದ್ದ ಹಳೆಯ ಹಣ್ಣಿನಲ್ಲಿಯೂ ಈ ಗೆರೆಗಳು ಉಳಿದಿರುವುದರಿಂದ ಹಂಗಾಮು ಕಳೆದ ಮೇಲೂ ಈ ಪರೀಕ್ಷೆಯನ್ನು ನಡೆಸಬಹುದು. ಆದರೆ ಬುಡದಲ್ಲಿ ಬಿದ್ದದ್ದು ಆ ಮರದ ಹಣ್ಣೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ರೆಕ್ಕೆಯ ಹಣ್ಣು ಗಾಳಿಗೆ ಹಾರಿ ಬರುವಂಥದು.

ಎಲೆ ಮತ್ತು ಗ್ರಂಥಿಗಳು: ತಾರೆಯ ಎಲೆಗಳು ಪರ್ಯಾಯವಾಗಿ ಹುಟ್ಟಿ ರೆಂಬೆಯ ತುದಿಯಲ್ಲಿ ನೆರೆಯುತ್ತವೆ, ತೊಟ್ಟು ಉದ್ದ. ಅಳಲೆಯ ಎಲೆಗಳು ಬಹುಮಟ್ಟಿಗೆ ಎದುರುಬದುರು; ತೊಟ್ಟಿನ ತುದಿಯಲ್ಲಿ, ಎಲೆ ಆರಂಭವಾಗುವೆಡೆಯಲ್ಲಿ, ಗ್ರಂಥಿಗಳ ಒಂದು ಜೋಡಿ ಇರುತ್ತದೆ. ಕರಿಮತ್ತಿಯಲ್ಲಿ ಗ್ರಂಥಿಗಳು ಎಲೆಯ ಕೆಳಗಡೆ ನಡುನರದ ಮೇಲೆ, ಬುಡಕ್ಕೆ ಸಮೀಪವಾಗಿ, ಸಣ್ಣ ಕಾಲುಗಳ ಮೇಲೆ ನಿಂತ ಬಟ್ಟಲುಗಳಂತೆ ಎದ್ದು ಕಾಣುತ್ತವೆ. ಹೊಳೆಮತ್ತಿಯ ಗ್ರಂಥಿಗಳು ಎಲೆಯ ಬುಡದಲ್ಲಿಯೇ, ತೊಟ್ಟು ಕೂಡುವ ಸ್ಥಳದಲ್ಲಿರುತ್ತವೆ. ಹಣ್ಣಿಲ್ಲದಾಗ ಗ್ರಂಥಿಗಳ ಸ್ಥಾನವೇ ಉತ್ತಮ ಆಧಾರ. ಒಣಗಿದ ಮಾದರಿಯಲ್ಲಿ ಅವು ಕುಗ್ಗಿ ಮರೆಯಾಗಬಹುದಾದ್ದರಿಂದ ಹಸಿ ಎಲೆಯನ್ನು ನೋಡಿಯೇ ಬರೆದಿಟ್ಟುಕೊಳ್ಳುವುದು ಕ್ಷೇಮ.

ಎಲೆಯ ಆಕಾರ, ಅಳತೆ, ರೋಮಗಳು ಮಾತ್ರ ವಿಶ್ವಾಸಾರ್ಹವಲ್ಲ. ಮಲೆನಾಡಿನ ಸೊಪ್ಪಿನ ಬೆಟ್ಟಗಳಲ್ಲಿ ಅಡಕೆ ತೋಟದ ಗೊಬ್ಬರಕ್ಕಾಗಿ ಮರಗಳನ್ನು ಸವರುತ್ತಾರೆ. ಸವರಿದ ಮರದಲ್ಲಿ ಚಿಗುರಿದ ಎಲೆ ಮಾಮೂಲಿಗಿಂತ ದೊಡ್ಡದಾಗಿರುವುದುಂಟು. ಹೂ ಹಣ್ಣುಗಳೂ ವಿರಳವಾಗುತ್ತವೆ.

ತೊಗಟೆ: ಕರಿಮತ್ತಿಯ ತೊಗಟೆ ಕಪ್ಪು ಅಥವಾ ಕಡುಬೂದು, ಆಳವಾದ ಬಿರುಕುಗಳು ಉದ್ದಕ್ಕೂ ಅಡ್ಡಕ್ಕೂ ಹಾಯ್ದು ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿರುತ್ತದೆ. ಹೊಳೆಮತ್ತಿಯದು ನುಣುಪು, ಬಿಳುಪು, ಬೂದು, ನಸುಗೆಂಪು ಛಾಯೆಗಳುಳ್ಳದ್ದು, ದೊಡ್ಡ ತೆಳುವಾದ ಹಾಳೆಗಳಾಗಿ ಕಳಚಿ ಬೀಳುತ್ತದೆ. ನಿಂತ ಮರದಲ್ಲಿ ಇದಕ್ಕಿಂತ ಸ್ಪಷ್ಟವಾದ ಭೇದ ಬೇಕಿಲ್ಲ.

ಹೂಗೊಂಚಲು: ತಾರೆಯ ಹೂಗೊಂಚಲು ಕವಲೊಡೆಯದ ಒಂಟಿ ಕದಿರು, ಅದರ ತುದಿಯ ಹೂಗಳು ಗಂಡು, ಕೆಳಗಿನವು ದ್ವಿಲಿಂಗಿಗಳು. ಮತ್ತಿಗಳಲ್ಲಿ ಕದಿರುಗಳು ಕವಲುಗಟ್ಟಿರುತ್ತವೆ. ಹೊನಗಲಿನಲ್ಲಿ ರೆಂಬೆಯ ತುದಿಯಲ್ಲಿ ದೊಡ್ಡದಾಗಿ ಕವಲೊಡೆದ, ತುಕ್ಕುಬಣ್ಣದ ರೋಮಗಳುಳ್ಳ ಗೊಂಚಲಿರುತ್ತದೆ. ಅದರ ಲ್ಯಾಟಿನ್ ಹೆಸರು ಹೇಳುವುದೂ ಇದನ್ನೇ. ಕಾಲದಲ್ಲಿಯೂ ವ್ಯತ್ಯಾಸವುಂಟು. ತಾರೆ, ಅಳಲೆ, ಹೊಳೆಮತ್ತಿಗಳು ಬೇಸಗೆಯಲ್ಲಿ ಹೂಬಿಡತೊಡಗುತ್ತವೆ, ಕರಿಮತ್ತಿ ಮಳೆಗಾಲದಲ್ಲಿ, ಹೊನಗಲು ಮಳೆಗಾಲದ ಕೊನೆಯಿಂದ ಮುಂದಕ್ಕೆ.

ಗುರುತಿನ ಸೂಚಿ

ಮೇಲಿನ ಲಕ್ಷಣಗಳನ್ನು ಆಧರಿಸಿ ಒಂದು ಸರಳವಾದ ಸೂಚಿಯನ್ನು ಕೆಳಗೆ ಕೊಟ್ಟಿದ್ದೇವೆ. ಪ್ರತಿ ಅಂಕಿಯ ಕೆಳಗಿನ ಎರಡು ಹೇಳಿಕೆಗಳಲ್ಲಿ ಮಾದರಿಗೆ ಹೊಂದುವುದನ್ನು ಆರಿಸಿ, ಅಲ್ಲಿ ಸೂಚಿಸಿದ ಅಂಕಿಗೆ ಹೋಗಬೇಕು. ಸೂಚಿಯಲ್ಲಿ ಸೇರಿರುವ ದಿಂಡಿಗದ ವಿಚಾರವನ್ನು ಮುಂದೆ ಪ್ರಸ್ತಾಪಿಸಲಾಗುವುದು.

1. ಹಣ್ಣಿಗೆ ರೆಕ್ಕೆಗಳಿಲ್ಲ: 2
ಹಣ್ಣಿಗೆ ರೆಕ್ಕೆಗಳುಂಟು: 4

2. ಹಣ್ಣು ಚಪ್ಪಟೆ, ಅಂಚುಗಟ್ಟಿದ್ದು; ಎಲೆ ದೊಡ್ಡದು, ಬುಡದ ಕಡೆಗೆ ಕಿರಿದು, ತೊಟ್ಟು ಗಿಡ್ಡ: ಕಾಡುಬಾದಾಮಿ (ಟ. ಕಟಪ್ಪ)
ಹಣ್ಣು ಚಪ್ಪಟೆಯಲ್ಲ: 3

3. ಹಣ್ಣು ಬೂದು ರೋಮಗಳಿಂದ ಮುಚ್ಚಿದ್ದು, ಎಲೆಗಳು ಪರ್ಯಾಯ, ತೊಟ್ಟು ಉದ್ದ: ತಾರೆ (ಟ. ಬೆಲ್ಲಿರಿಕ)
ಹಣ್ಣು ನುಣುಪು, ಒಣಗಿದಾಗ ಐದು ಏಣಿನದು; ಎಲೆಗಳು ಬಹುಮಟ್ಟಿಗೆ ಎದುರುಬದುರು: ಅಳಲೆ (ಟ. ಚೆಬ್ಯುಲ)

4. ಹೂಗಳು ಗುಂಡಾದ ಚೆಂಡುಗಳಲ್ಲಿ, ಹಣ್ಣು ಬಲು ಚಿಕ್ಕದು, ಎರಡು ರೆಕ್ಕೆಯದು, ತುದಿಗೆ ಕೊಕ್ಕುಳ್ಳದ್ದು: ದಿಂಡಿಗ (ಟ. ಅನೋಗೈಸಿಯಾನ)
ಹೂಗಳು ಉದ್ದನೆಯ ಕದಿರುಗಳಲ್ಲಿ. ಹಣ್ಣಿಗೆ ಕೊಕ್ಕಿಲ್ಲ: 5

5. ರೆಕ್ಕೆಗಳು ಮೂರು, ಒಂದು ದೊಡ್ಡದು: ಹೊನಗಲು (ಟ. ಪ್ಯಾನಿಕ್ಯುಲೇಟ)
ರೆಕ್ಕೆಗಳು ಐದು, ಬಹುಮಟ್ಟಿಗೆ ಸಮ: 6

6. ರೆಕ್ಕೆಯ ಗೆರೆಗಳು ಮೇಲಕ್ಕೆ ಬಾಗಿದವು, ತೊಗಟೆ ಬಿಳಿಚು, ನುಣುಪು: ಹೊಳೆಮತ್ತಿ (ಟ. ಅರ್ಜುನ)
ರೆಕ್ಕೆಯ ಗೆರೆಗಳು ಅಡ್ಡಕ್ಕೆ ನೇರವಾದವು, ತೊಗಟೆ ಕಪ್ಪು, ಆಳವಾಗಿ ಬಿರಿದದ್ದು: ಕರಿಮತ್ತಿ (ಟ. ಎಲಿಪ್ಟಿಕ)

ಕರಿಮತ್ತಿಯ ತೊಡಕು

ಸೂಚಿಯ ಕೊನೆಯಲ್ಲಿ ಕರಿಮತ್ತಿಗೆ ಟೊಮೆಂಟೋಸ ಎಂಬ ಪರಿಚಿತ ಹೆಸರನ್ನು ಬಿಟ್ಟು ಎಲಿಪ್ಟಿಕ ಎಂದು ಬರೆದಿರುವುದಕ್ಕೆ ಕಾರಣವನ್ನು ಹೇಳಬೇಕು. ಟೊಮೆಂಟೋಸ ಎಂದರೆ ತುಪ್ಪುಳಿನಿಂದ ಕೂಡಿದ್ದು. ಕರಿಮತ್ತಿಯ ಎಲೆಗಳಲ್ಲಿ ಮರದಿಂದ ಮರಕ್ಕೆ ತುಪ್ಪುಳಿನ ಪ್ರಮಾಣ ಬದಲಾಗುತ್ತದೆ. ಎಳೆಯ ಎಲೆಯಲ್ಲಿ ಇದ್ದದ್ದು ಬಲಿತಾಗ ಉದುರಿಹೋಗುವುದುಂಟು. ಒಣಮಾದರಿಗಳನ್ನು ಮಾತ್ರ ನೋಡಿದ ವಿದ್ವಾಂಸರು ತುಪ್ಪುಳಿರುವುದನ್ನೊಂದು, ಇಲ್ಲದ್ದನ್ನೊಂದು, ಚಕ್ಕಳದಂಥ ಎಲೆಯದನ್ನೊಂದು ಎಂದು ಎಣಿಸಿದುದರಿಂದ ಅಲಾಟ, ಕೊರಿಯೇಸಿಯ, ಕ್ರೆನ್ಯುಲೇಟ, ಟೊಮೆಂಟೋಸ ಎಂಬ ಹಲವು ಹೆಸರುಗಳು ಬಳಕೆಗೆ ಬಂದುವು. ಇವನ್ನು ಕೆಲವರು ಪ್ರತ್ಯೇಕ ಪ್ರಭೇದಗಳೆಂದೂ ಕೆಲವರು ಒಂದೇ ಪ್ರಭೇದದ ಉಪಭೇದಗಳೆಂದೂ ಗ್ರಹಿಸಿದ್ದಾರೆ. ಕೊರಿಯೇಸಿಯವನ್ನು ಇಂದಿಗೂ ಬೇರೆಯಾಗಿ ಇಡುವವರುಂಟು. ಒಂದೇ ಪ್ರಭೇದವೆಂದು ಒಪ್ಪಿದಲ್ಲಿ ನಾಮಕರಣದ ಅಗ್ರತಾ ನಿಯಮದಂತೆ ಮೊದಲು ಪ್ರಕಟವಾದ ಹೆಸರೇ ನಿಲ್ಲಬೇಕು. ವಿಲ್ಡೆನೋ 1806ರಲ್ಲಿ ಕೊಟ್ಟ ಎಲಿಪ್ಟಿಕ ಎಂಬ ಹೆಸರು ಇವೆಲ್ಲಕ್ಕಿಂತ ಹಿಂದಿನದು. ಹಳೆಯ ಅರಣ್ಯ ದಾಖಲೆಗಳನ್ನು ಓದುವವರು ಈ ಹೆಸರುಗಳನ್ನೆಲ್ಲ ಅರಿತಿರಬೇಕು. ಇಲ್ಲವಾದರೆ ಒಂದೇ ಮರವನ್ನು ನಾಲ್ಕು ಮರಗಳೆಂದು ಎಣಿಸುವ ಪ್ರಮಾದ ಒದಗುತ್ತದೆ.

ದಿಂಡಿಗದ ಪ್ರಶ್ನೆ

ಇದಕ್ಕಿಂತ ಮೂಲಭೂತವಾದ ಬದಲಾವಣೆ 2017ರಲ್ಲಿ ಸಂಭವಿಸಿತು. ದಿಂಡಿಗ ಅಥವಾ ಬೆಜ್ಜಲು ಎಂದು ಕರೆಯುವ, ಘಟ್ಟಿ ಅಂಟನ್ನು ಕೊಡುವ ಮರವು ಅಲ್ಲಿಯವರೆಗೆ ಅನೋಗೈಸಸ್ ಲ್ಯಾಟಿಫೋಲಿಯ ಎಂಬ ಹೆಸರಿನಲ್ಲಿ ಬೇರೆ ಜಾತಿಯಾಗಿತ್ತು. ಹೂಗಳು ಚೆಂಡುಗಟ್ಟಿರುವುದೂ ಹಣ್ಣಿಗೆ ಕೊಕ್ಕಿರುವುದೂ ಈ ಪ್ರತ್ಯೇಕತೆಗೆ ಆಧಾರವಾಗಿದ್ದುವು. ಡಿ.ಎನ್.ಎ. ಅನುಕ್ರಮಗಳನ್ನು ಹೋಲಿಸಿ ವಂಶವೃಕ್ಷವನ್ನು ರಚಿಸಿದಾಗ ಅನೋಗೈಸಸ್ ಜಾತಿಯು ಟರ್ಮಿನೇಲಿಯಕ್ಕೆ ಹೊರಗಿನ ನೆಂಟನಾಗಿರದೆ ಅದರ ಒಳಗೊಂದು ಕವಲಾಗಿ ಕಂಡುಬಂತು. ಅಮೆರಿಕದ ಬ್ಯೂಕನೇವಿಯ, ಆಫ್ರಿಕದ ಟೀಲಿಯಾಪ್ಸಿಸ್ ಜಾತಿಗಳ ಸ್ಥಿತಿಯೂ ಹಾಗೆಯೇ. ಒಂದು ಪೂರ್ವಜನಿಂದ ಇಳಿದ ಎಲ್ಲ ಸಂತಾನವೂ ಒಂದೇ ಜಾತಿಯಲ್ಲಿರಬೇಕೆಂಬುದು ಇಂದಿನ ವರ್ಗೀಕರಣದ ತತ್ವ. ಅದರಂತೆ ಈ ಮೂರನ್ನೂ ಟರ್ಮಿನೇಲಿಯದಲ್ಲಿ ಲೀನಗೊಳಿಸಲಾಯಿತು.

ದಿಂಡಿಗಕ್ಕೆ ಟರ್ಮಿನೇಲಿಯ ಲ್ಯಾಟಿಫೋಲಿಯ ಎಂದು ಕರೆಯುವಂತಿರಲಿಲ್ಲ. ಆ ಹೆಸರು ಜಮೈಕಾದ ಬೇರೊಂದು ಮರಕ್ಕೆ ಮೊದಲೇ ಸಂದಿತ್ತು. ಆದಕಾರಣ ಟರ್ಮಿನೇಲಿಯ ಅನೋಗೈಸಿಯಾನ ಎಂಬ ಹೊಸ ಹೆಸರನ್ನು ಕೊಡಬೇಕಾಯಿತು. ಹೀಗೆ ಜಾತಿಯ ಎಲ್ಲೆ ಬದಲಾಯಿತೆಂಬುದು ನಿಜ. ಆದರೆ ದಿಂಡಿಗವನ್ನು ಗುರುತಿಸುವ ಲಕ್ಷಣಗಳಲ್ಲಿ ಒಂದೂ ಬದಲಾಗಲಿಲ್ಲವೆಂಬುದನ್ನು ಮರೆಯಬಾರದು. ವರ್ಗೀಕರಣವು ಸಂಬಂಧವನ್ನು ಹೇಳುತ್ತದೆ, ಗುರುತು ಭೇದವನ್ನು ಹೇಳುತ್ತದೆ. ಮೊದಲನೆಯದು ಹೊಸ ಪ್ರಮಾಣಗಳು ದೊರೆತಂತೆ ತಿದ್ದುಪಡಿಯಾಗುತ್ತದೆ. ಎರಡನೆಯದು ಸರಿಯಾದ ವೀಕ್ಷಣೆಯ ಮೇಲೆ ನಿಂತಿರುವವರೆಗೆ ಸ್ಥಿರವಾಗಿರುತ್ತದೆ.

ತೊಗಟೆಯ ಪರೀಕ್ಷೆ

ಇನ್ನು ಅಂಗಡಿಯ ತೊಗಟೆಯ ವಿಚಾರ. ಅಲ್ಲಿ ಹಣ್ಣಿಲ್ಲ, ಎಲೆಯಿಲ್ಲ; ತೊಗಟೆಯನ್ನು ಕುಟ್ಟಿ ಪುಡಿಮಾಡಿದ್ದರೆ ನುಣುಪು, ಬಿರುಕುಗಳ ಸುಳಿವೂ ಇಲ್ಲ. ಸೂಕ್ಷ್ಮದರ್ಶಕದಿಂದ ಜೀವಕೋಶಗಳ ಪರೀಕ್ಷೆ, ರಾಸಾಯನಿಕ ಪರೀಕ್ಷೆ, ಡಿ.ಎನ್.ಎ. ಪರೀಕ್ಷೆ ಇವು ಆಗ ನೆರವಿಗೆ ಬರುತ್ತವೆ. ಇವುಗಳ ಪ್ರಯೋಜನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇವೆಲ್ಲವೂ ಹೋಲಿಕೆಯ ಪರೀಕ್ಷೆಗಳು. ಅಪರಿಚಿತ ಚೂರನ್ನು ಪರಿಚಿತ ಮಾದರಿಯೊಡನೆ ಹೋಲಿಸಿ ಇದು ಅದರಂತಿದೆ ಎನ್ನುವುದಷ್ಟೇ ಅವುಗಳ ಕೆಲಸ. ಆ ಪರಿಚಿತ ಮಾದರಿಯ ಮೇಲೆ ಹೊಳೆಮತ್ತಿ ಎಂದು ಬರೆದವನು ಹಣ್ಣನ್ನು ನೋಡದೆ ಎಲೆಯನ್ನಷ್ಟೇ ನೋಡಿ ಬರೆದಿದ್ದರೆ, ಅದರ ಮೇಲೆ ನಿಂತ ಪ್ರತಿಯೊಂದು ಪರೀಕ್ಷೆಯೂ ಅದೇ ತಪ್ಪನ್ನು ಹೊಸ ಯಂತ್ರದ ಮಾತಿನಲ್ಲಿ ಪುನರುಚ್ಚರಿಸುತ್ತದೆ. ಇದಲ್ಲದೆ ಹೊಳೆಮತ್ತಿ ಕರಿಮತ್ತಿಗಳ ನಡುವೆ ಸಂಕರ ಸಾಧ್ಯವಿದೆ. ಟಸ್ಸಾರ್ ಕೃಷಿಯ ಸಲುವಾಗಿ ಅಂಥ ಸಂಕರಗಳನ್ನು ಪಡೆದದ್ದೂ ಉಂಟು. ಮಧ್ಯಂತರ ಲಕ್ಷಣಗಳ ಮರ ಎದುರಾದಾಗ ಬಲವಂತವಾಗಿ ಒಂದು ಹೆಸರನ್ನು ಅಂಟಿಸದೆ, ಕಂಡ ಲಕ್ಷಣಗಳನ್ನು ಹಾಗೆಯೇ ದಾಖಲಿಸಿ ನಿರ್ಣಯವನ್ನು ತಡೆಹಿಡಿಯುವುದು ಉತ್ತಮ.

ಸಂಗ್ರಹಕಾರರಿಗೆ ಸೂಚನೆಗಳು

ಟರ್ಮಿನೇಲಿಯದ ಮಾದರಿಗಳು ಅಪೂರ್ಣವಾಗಿ ಉಳಿಯಲು ಮುಖ್ಯ ಕಾರಣ ಕಾಲದ ಅಂತರ. ಕರಿಮತ್ತಿ ಮಳೆಗಾಲದಲ್ಲಿ ಹೂಬಿಟ್ಟರೆ ಅದರ ಹಣ್ಣು ಬಲಿಯುವುದು ಮುಂದಿನ ಬೇಸಗೆಯ ಹೊತ್ತಿಗೆ. ಆಗ ಮರದಲ್ಲಿ ಎಲೆಯೇ ಇಲ್ಲದಿರಬಹುದು. ಒಂದು ಸಲದ ಪ್ರವಾಸದಲ್ಲಿ ಹೂ, ಹಣ್ಣು, ಎಲೆ ಮೂರನ್ನೂ ತರಲಾಗದು. ಆದ್ದರಿಂದ ಮರಕ್ಕೆ ಗುರುತಿನ ಅಂಕಿ ಹಾಕಿ, ವರ್ಷದಲ್ಲಿ ಎರಡು ಮೂರು ಸಲ ಅದೇ ಮರದ ಬಳಿಗೆ ಹೋಗಿ, ತಂದುದನ್ನೆಲ್ಲ ಅದೇ ಅಂಕಿಯ ಕೆಳಗೆ ಇಡಬೇಕು. ತೊಗಟೆಯ ಬಣ್ಣ ಮತ್ತು ಬಿರುಕಿನ ಬಗೆ, ಹಸಿ ಎಲೆಯಲ್ಲಿ ಗ್ರಂಥಿಗಳ ಸ್ಥಾನ, ಮರದ ನೆಲೆ, ಊರಿನವರು ಕರೆಯುವ ಹೆಸರು, ಮರವನ್ನು ಸವರಿದ್ದಾರೆಯೇ ಎಂಬ ಸಂಗತಿ ಇವನ್ನು ಸ್ಥಳದಲ್ಲಿಯೇ ಬರೆಯಬೇಕು. ರಾಸಾಯನಿಕ ಅಥವಾ ಡಿ.ಎನ್.ಎ. ಪರೀಕ್ಷೆಗೆ ತೊಗಟೆ, ಎಲೆಗಳನ್ನು ತೆಗೆದುಕೊಳ್ಳುವವರು ಅದೇ ಮರದ ಹಣ್ಣಿನ ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇರಿಸಿ, ಅದರ ಅಂಕಿಯನ್ನು ತಮ್ಮ ಪ್ರಬಂಧದಲ್ಲಿ ನಮೂದಿಸುವುದು ಅವಶ್ಯ. ಸಸಿಮಡಿಗೆ ಬೀಜ ತರುವವರೂ ತಾಯಿಮರದ ಅಂಕಿಯನ್ನು ಬೀಜದೊಡನೆ ಇರಿಸಿಕೊಂಡರೆ, ಹೊಳೆಯ ದಡಕ್ಕೆ ಹೊಳೆಮತ್ತಿಯೂ ಒಣಗುಡ್ಡಕ್ಕೆ ಕರಿಮತ್ತಿಯೂ ತಪ್ಪದೆ ತಲಪುತ್ತವೆ.

ಒಟ್ಟಿನಲ್ಲಿ ಹೇಳುವುದಾದರೆ, ಈ ಜಾತಿಯಲ್ಲಿ ಯಾವುದೇ ಒಂದು ಲಕ್ಷಣವನ್ನು ಹಿಡಿದು ಹೆಸರು ಹೇಳುವುದು ಅಪಾಯಕರ. ಬಲಿತ ಹಣ್ಣು ಪ್ರಧಾನ ಪ್ರಮಾಣ. ಗ್ರಂಥಿ, ತೊಗಟೆ, ಹೂಗೊಂಚಲುಗಳು ಅದಕ್ಕೆ ಪೋಷಕ ಪ್ರಮಾಣಗಳು. ಎಲೆಯ ಆಕಾರ ಮತ್ತು ರೋಮಗಳು ದುರ್ಬಲ ಪ್ರಮಾಣಗಳು. ಪ್ರಮಾಣಗಳು ಒಂದನ್ನೊಂದು ಸಮರ್ಥಿಸಿದಾಗ ಮಾತ್ರ ಹೆಸರನ್ನು ಬರೆಯತಕ್ಕದ್ದು. ಹಣ್ಣಿಲ್ಲದ ರೆಂಬೆಯ ಮೇಲೆ ಕೇವಲ ಮತ್ತಿ ಎಂದಷ್ಟೇ ಬರೆದಿಟ್ಟರೆ ಅದರಿಂದ ವಿಜ್ಞಾನಕ್ಕೆ ಹಾನಿಯಿಲ್ಲ. ಹೊಳೆಮತ್ತಿ ಎಂದು ಊಹಿಸಿ ಬರೆದರೆ ಆ ಊಹೆ ಮುಂದಿನವರ ಕೈಯಲ್ಲಿ ಸತ್ಯವೆಂದು ನಡೆಯುತ್ತದೆ, ಔಷಧದ ಅಂಗಡಿಯವರೆಗೂ ಹೋಗುತ್ತದೆ.